ಕೆಂಪು ವೈನಿನ ರುಚಿ ಪರೀಕ್ಷೆ: ದ್ರಾಕ್ಷಿ ಬೆಳೆಗಾರರಿಗೆ ಅದರಿಂದೇನು?

ಹಾಲಿನ ಡೇರಿಯ ಮುಂದೆ ಬೆಳಗಿನ ಜಾವ ಸಾಲು ನಿಲ್ಲುವ ರೈತ ಬಾಂಧವರು ಒಂದು ಸಂಗತಿಯನ್ನು ಗಮನಿಸಿರುತ್ತಾರೆ. ಕಾರ್ಯದರ್ಶಿಯು ಯಂತ್ರಕ್ಕೆ ಹಾಲು ಹಾಕುವ ಮೊದಲು ಕ್ಯಾನಿನ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡುತ್ತಾನೆ. ಜಿಡ್ಡಿನ ಅಂಶವೆಷ್ಟು, ಜಿಡ್ಡೇತರ ಘನಾಂಶವೆಷ್ಟು ಎಂಬುದನ್ನು ಯಂತ್ರ ಹೇಳುತ್ತದೆ. ಆದರೆ ಹಾಲು ಹುಳಿಗೆ ತಿರುಗುತ್ತಿದೆಯೇ, ಹಸು ವಾಸನೆಯ ಸೊಪ್ಪು ಮೇದಿದೆಯೇ ಎಂಬುದನ್ನು ಮೊದಲು ಹೇಳುವುದು ಮೂಗು. ವೈನಿಗೆಂದು ದ್ರಾಕ್ಷಿ ಬೆಳೆಯುವವರ ಕಥೆಯೂ ಇದೇ. ಕಾರ್ಖಾನೆಯ ಗೇಟಿನಲ್ಲಿ ಸಕ್ಕರೆ ಅಂಶವನ್ನು ಅಳೆದು ದರ ಕಟ್ಟುತ್ತಾರೆ. ಆದರೆ ಆ ದರದ ಹಿಂದೆ ಯಾರದೋ ಮೂಗು, ಯಾರದೋ ನಾಲಿಗೆ ಕೆಲಸ ಮಾಡಿರುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆಂದು ಬೆಳೆಗಾರರಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಈ ಲೇಖನ ಬರೆಯಲು ಕಾರಣವಾದವರು ಬಂಗಾರಪೇಟೆಯ ಬಳಿಯ ಒಬ್ಬ ಹಿರಿಯ ರೈತರು. ಮೂರು ಎಕರೆಯಲ್ಲಿ ಶಿರಾಜ್ ತಳಿಯನ್ನು ಡಾಗ್‌ರಿಜ್ ಬೇರುಗಿಡದ ಮೇಲೆ ಕಸಿ ಮಾಡಿ, ಕರಾರಿನ ಮೇಲೆ ಬೆಳೆದಿದ್ದರು. ಕಳೆದ ಮಾರ್ಚಿಯಲ್ಲಿ ಅವರ ಹಣ್ಣಿಗೆ ಎರಡನೆಯ ದರ್ಜೆಯ ದರ ಸಿಕ್ಕಿತು. ಕರಾರಿನಲ್ಲಿದ್ದದ್ದು 23 ಬ್ರಿಕ್ಸ್, ಅಳತೆಗೆ ಬಂದದ್ದು 20. ಚೀಟಿಯ ಮೇಲೆ "ಹಸಿರು ವಾಸನೆ, ತೆಳು" ಎಂದೂ ಬರೆದಿದ್ದರು. ಚೀಟಿ ಹಿಡಿದು ನನ್ನಲ್ಲಿಗೆ ಬಂದು, "ಸಾರ್, ಹಣ್ಣು ಕೆಂಪಗೇ ಇತ್ತು. ಹಸಿರು ವಾಸನೆ ಅಂದ್ರೆ ಏನ್ ಸಾರ್? ಬೆಲೆ ಇಳಿಸೋಕೆ ಒಂದು ಮಾತಾ?" ಎಂದರು. ಸಕ್ಕರೆಯ ಲೆಕ್ಕವನ್ನು ಹೇಳುವುದು ನನಗೆ ಸುಲಭವಾಯಿತು. ಉಳಿದದ್ದನ್ನು ಮಾತಿನಲ್ಲಿ ಹೇಳುವ ಬದಲು ತೋರಿಸುವುದೇ ಮೇಲೆಂದು ತೋರಿ, ಅವರನ್ನು ಕೋಲಾರ ಚಿನ್ನದ ಗಣಿಗೆ ಕರೆದುಕೊಂಡು ಹೋದೆ.

ಊರಿಗಾಮಿನ ಆರು ಮಂದಿ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಊರಿಗಾಂ ನಿಲ್ದಾಣ ಬಹಳ ದೂರವೇನಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಇಲ್ಲಿಗೆ ಬಂದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದಲೂ ಇಟಲಿಯಿಂದಲೂ ಗಣಿ ಕೆಲಸಗಾರರು ಬಂದು ನೆಲೆಸಿದ ಊರಿದು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಬಂಗಲೆಗಳು ಉಳಿದವು, ಕ್ರಿಸ್‌ಮಸ್ಸಿಗೆ ಮನೆಯಲ್ಲೇ ದ್ರಾಕ್ಷಾರಸ ಹುದುಗಿಸುವ ವಾಡಿಕೆಯೂ ಉಳಿಯಿತು. ಅಲ್ಲಿ ಒಬ್ಬ ನಿವೃತ್ತ ಗಣಿ ಇಂಜಿನಿಯರರ ಮನೆಯಲ್ಲಿ ನಾವು ಕೆಲವರು ವರ್ಷಕ್ಕೆ ಎರಡು ಮೂರು ಸಲ ಸೇರಿ, ಬೇರೆ ಬೇರೆ ಪ್ರದೇಶಗಳ ವೈನುಗಳನ್ನು ಹೋಲಿಸಿ ನೋಡುತ್ತೇವೆ. ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕರು, ರೈಲ್ವೆಯ ಒಬ್ಬ ನಿವೃತ್ತ ಗಾರ್ಡ್, ಮನೆವೈನಿಗೆ ಹೆಸರಾದ ಒಬ್ಬ ನಿವೃತ್ತ ನರ್ಸ್ ತಾಯಿ, ಮನೆಯ ಯಜಮಾನರು ಮತ್ತು ನಾನು. ಆ ದಿನ ರೈತರೂ ಸೇರಿ ಆರು ಮಂದಿಯಾದೆವು. ಆಮದು ಸುಂಕದಿಂದಾಗಿ ಫ್ರೆಂಚ್ ವೈನು ಒಬ್ಬರ ಸಂಬಳಕ್ಕೆ ನಿಲುಕುವಂಥದಲ್ಲ. ಆದ್ದರಿಂದ ಎಲ್ಲರೂ ಹಣ ಹಾಕಿ ನಾಲ್ಕು ಬಾಟಲಿ ತರಿಸಿದ್ದೆವು: ಬೋರ್ದೋ, ಬರ್ಗಂಡಿ, ರೋನ್ ಕಣಿವೆ ಮತ್ತು ಬೋಜೊಲೇ. ಐದನೆಯದು ನಂದಿ ಬೆಟ್ಟದ ತಪ್ಪಲಿನ ಶಿರಾಜ್. ಆರನೆಯದು ನರ್ಸ್ ತಾಯಿಯವರು ಬೆಂಗಳೂರು ಬ್ಲೂ ಹಣ್ಣಿನಿಂದ ಮನೆ ಬಳಕೆಗೆ ಮಾಡಿದ್ದು.

"ನಾನು ಕುಡಿಯೋದಿಲ್ಲ ಸಾರ್," ಎಂದು ರೈತರು ಬಾಗಿಲಲ್ಲೇ ಹೇಳಿದರು. ಕುಡಿಯಬೇಕಾದ ಅಗತ್ಯವೇನೂ ಇರಲಿಲ್ಲ. ನಾವು ರುಚಿಯೆಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ವಾಸನೆಯೇ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವು ಮಾತ್ರ. ಶೀತವಾದಾಗ ಸಾರೂ ಸಪ್ಪೆ, ಹುಳಿಯೂ ಸಪ್ಪೆ ಎನಿಸುವುದು ಇದರಿಂದಲೇ. ವೃತ್ತಿಯಾಗಿ ರುಚಿ ನೋಡುವವರೂ ವೈನನ್ನು ನುಂಗದೆ, ಬಾಯಲ್ಲಿ ಆಡಿಸಿ ಉಗಿಯುತ್ತಾರೆ. ದಿನಕ್ಕೆ ಹತ್ತಾರು ವೈನುಗಳನ್ನು ನೋಡಬೇಕಾದವರು ನುಂಗುತ್ತಾ ಕೂತರೆ ಲೆಕ್ಕವೂ ತಪ್ಪುತ್ತದೆ, ಆರೋಗ್ಯವೂ ಕೆಡುತ್ತದೆ. ನಮ್ಮ ಮೇಜಿನ ಮೇಲೂ ಉಗಿಯಲು ಒಂದೊಂದು ಲೋಟ ಇಡಲಾಗಿತ್ತು. ರೈತರು ಮೂಸುವುದಷ್ಟನ್ನೇ ಮಾಡಿದರು.

ಪರೀಕ್ಷೆಗೆ ಬೇಕಾದ ಏರ್ಪಾಡು ದೊಡ್ಡದೇನಲ್ಲ. ಒಂದೇ ಆಕಾರದ ಗಾಜಿನ ಲೋಟ, ಕುಡಿಯುವ ನೀರು, ಉಪ್ಪು ಖಾರವಿಲ್ಲದ ಬ್ರೆಡ್ಡು, ಮೇಜಿಗೆ ಬಿಳಿ ಬಟ್ಟೆ. ಅಗರಬತ್ತಿ, ಮಲ್ಲಿಗೆ ಹೂವು ಕೋಣೆಯಲ್ಲಿರಬಾರದು. ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿಂದು ಬರುವುದಂತೂ ಕೂಡದು. ನಮ್ಮ ಗಾರ್ಡ್ ಸಾಹೇಬರು ಒಮ್ಮೆ ಹಾಗೆ ಬಂದು, ಆ ಸಂಜೆಯ ಎಲ್ಲಾ ವೈನುಗಳಲ್ಲೂ ಹಸಿಮೆಣಸಿನಕಾಯಿ ಇದೆಯೆಂದು ಬರೆದಿದ್ದರು. ಕೆಂಪು ವೈನಿನ ಶಾಖ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ನಮ್ಮ ಕೋಣೆಯ 27 ಡಿಗ್ರಿಯಲ್ಲಿ ಮದ್ಯಸಾರವೇ ಮೂಗಿಗೆ ಮುಂದಾಗಿ ಬಡಿಯುತ್ತದೆ. ಗಣಿಯ ಸುರಂಗದಲ್ಲಿ ಬಾಟಲಿ ಇಟ್ಟರೆ ತಂಪಾಗಿರುವುದಿಲ್ಲವೇ ಎಂದು ಹೊಸಬರು ಕೇಳುವುದುಂಟು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಲ್ಲಿ ಬಂಡೆಯ ಶಾಖವೇ 60 ಡಿಗ್ರಿಗೂ ಮೇಲೆ. ವೈನು ಬೆಂದೇ ಹೋಗುತ್ತಿತ್ತು. ನಾವು ಬಾಟಲಿಗಳನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆದೆವು.

ಬಾಟಲಿಗಳಿಗೆ ಮನೆಯ ಸೊಸೆ ವೃತ್ತಪತ್ರಿಕೆ ಸುತ್ತಿ, ಒಂದರಿಂದ ಆರರವರೆಗೆ ಅಂಕೆ ಬರೆದಿದ್ದರು. ಯಾವುದು ಯಾವುದೆಂದು ಅವರ ಹೊರತು ಯಾರಿಗೂ ತಿಳಿಯದು.

ಪ್ರದೇಶ ಬದಲಾದರೆ ರುಚಿ ಏಕೆ ಬದಲಾಗುತ್ತದೆ?

ಶ್ರೀನಿವಾಸಪುರದ ಬಾದಾಮಿ ಮಾವಿನ ಹಣ್ಣಿಗೂ ಬೇರೆ ಸೀಮೆಯ ಬಾದಾಮಿಗೂ ವ್ಯತ್ಯಾಸ ಹೇಳುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಫ್ರಾನ್ಸಿನವರು ಇದೇ ತಿಳಿವಳಿಕೆಯನ್ನು ಕಾನೂನಿನ ಮಟ್ಟಕ್ಕೆ ಏರಿಸಿದರು. 1935ರಲ್ಲಿ ಬಂದ ಅವರ ವ್ಯವಸ್ಥೆಯ ಪ್ರಕಾರ, ಬಾಟಲಿಯ ಮೇಲೆ ಒಂದು ಊರಿನ ಹೆಸರು ಹಾಕಬೇಕಾದರೆ ಹಣ್ಣು ಆ ಗಡಿಯೊಳಗೇ ಬೆಳೆದಿರಬೇಕು, ಗೊತ್ತುಪಡಿಸಿದ ತಳಿಯೇ ಆಗಿರಬೇಕು, ಇಳುವರಿ ಗೊತ್ತುಪಡಿಸಿದ ಮಿತಿಯನ್ನು ಮೀರಬಾರದು. ನಮ್ಮಲ್ಲಿ 2013ರಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದದ್ದು ಇದೇ ಜಾತಿಯ ಯೋಚನೆಯಿಂದ. ಇಳುವರಿಗೂ ಕಾನೂನು ಮಿತಿ ಹಾಕುವುದು ಮಾತ್ರ ನಮ್ಮ ರೈತರಿಗೆ ವಿಚಿತ್ರವೆನಿಸಬಹುದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲನೆಯ ಅಂಕೆಯ ವೈನು ತಿಳಿಗೆಂಪು. ಲೋಟದ ಆಚೆಗಿನ ಬೆರಳು ಕಾಣುವಷ್ಟು ತಿಳಿ. "ಇದಕ್ಕೆ ನೀರು ಸೇರಿಸವ್ರೆ," ಎಂದು ರೈತರು ತಕ್ಷಣ ತೀರ್ಮಾನಿಸಿದರು. ಹಾಲಿನ ಅನುಭವ! ಅದು ಬರ್ಗಂಡಿ, ಆರರಲ್ಲಿ ಅತ್ಯಂತ ದುಬಾರಿಯದು. ಅಲ್ಲಿನ ಪಿನೋ ನ್ವಾರ್ ತಳಿಯ ಸಿಪ್ಪೆ ತೆಳು, ಬಣ್ಣದ ಅಂಶ ಕಡಿಮೆ. ಕೆಂಪು ವೈನಿನ ಬಣ್ಣವೂ ಒಗರೂ ಸಿಪ್ಪೆ ಬೀಜಗಳಿಂದ ಬರುವುದೇ ಹೊರತು ರಸದಿಂದಲ್ಲ. ಬಹುತೇಕ ಕಪ್ಪು ದ್ರಾಕ್ಷಿಗಳ ರಸ ಬಣ್ಣವಿಲ್ಲದ್ದೇ. ಸುಣ್ಣಕಲ್ಲು ಮತ್ತು ಜೇಡಿ ಬೆರೆತ ಇಳಿಜಾರಿನಲ್ಲಿ, ತಂಪು ಹವೆಯಲ್ಲಿ ನಿಧಾನವಾಗಿ ಹಣ್ಣಾಗುವುದರಿಂದ ಅದರ ಪರಿಮಳ ನಯವಾಗಿರುತ್ತದೆ. ಬಣ್ಣ ಗಾಢವಾದಷ್ಟೂ ವೈನು ಉತ್ತಮವೆಂಬುದು ತಪ್ಪು ಕಲ್ಪನೆ.

ಬೋರ್ದೋ ಪ್ರದೇಶದ್ದು ಇದಕ್ಕೆ ವಿರುದ್ಧ. ಗರೋನ್ ಮತ್ತು ದೋರ್ದೋನ್ ನದಿಗಳು ಕೂಡಿ ಜಿರೋಂದ್ ಎಂಬ ಅಳಿವೆಯಾಗಿ ಸಮುದ್ರ ಸೇರುವ ಸೀಮೆಯದು. ಎಡದಂಡೆಯ ಗರಸು ಮಣ್ಣಿನಲ್ಲಿ ನೀರು ನಿಲ್ಲದು, ಹಗಲಿನ ಕಾವನ್ನೂ ಅದು ಹಿಡಿದಿಡುತ್ತದೆ. ತಡವಾಗಿ ಮಾಗುವ ಕ್ಯಾಬರ್ನೆ ಸೋವಿಗ್ನಾನ್ ಅಲ್ಲಿಗೆ ಹೊಂದುತ್ತದೆ. ಬಲದಂಡೆಯಲ್ಲಿ ತಂಪಾದ ಜೇಡಿ ಹೆಚ್ಚು, ಅಲ್ಲಿ ಬೇಗ ಮಾಗುವ ಮೆರ್ಲೋ. ಎರಡನ್ನೂ ಬೆರೆಸುವುದು ಅವರ ಪದ್ಧತಿ. ಇದು ರುಚಿಗೆ ಮಾತ್ರವಲ್ಲ, ಬೆಳೆ ವಿಮೆಯೂ ಹೌದು: ಒಂದಕ್ಕೆ ಮಳೆ ಹೊಡೆದರೆ ಇನ್ನೊಂದು ಕೈ ಹಿಡಿಯುತ್ತದೆ. ಜೊತೆಗೆ ರಾಗಿಯಲ್ಲಿ ಅಕ್ಕಡಿ ಸಾಲು ಬಿತ್ತುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೋರ್ದೋ ವೈನನ್ನು ಬಾಯಲ್ಲಿ ಹಿಡಿದಾಗ ವಸಡು ಬಿಗಿದಂತಾಗುತ್ತದೆ. ನೇರಳೆ ಹಣ್ಣು ತಿಂದಾಗ, ಎಳೆ ಬಾಳೆಕಾಯಿ ಕಚ್ಚಿದಾಗ ಆಗುವ ಒಗರೇ ಇದು. ಟ್ಯಾನಿನ್ ಎಂಬ ಅಂಶದಿಂದ ಬರುತ್ತದೆ.

ಬೋಜೊಲೇ ಬೆಟ್ಟಗಳ ಮಣ್ಣು ಮುಖ್ಯವಾಗಿ ಕಗ್ಗಲ್ಲು ಕರಗಿ ಆದದ್ದು, ಒಂದರ್ಥದಲ್ಲಿ ನಮ್ಮ ಕೆಮ್ಮಣ್ಣಿನ ದೂರದ ನೆಂಟ. ತಳಿ ಗಾಮೇ. ಅಲ್ಲಿ ಗೊಂಚಲನ್ನು ಅರೆಯದೆ ಇಡಿಯಾಗಿ ಮುಚ್ಚಿದ ತೊಟ್ಟಿಯಲ್ಲಿ ತುಂಬಿ, ಇಂಗಾಲದ ಡೈಆಕ್ಸೈಡಿನ ನಡುವೆ ಹುದುಗಿಸುವ ರೂಢಿಯಿದೆ. ಹೀಗೆ ಮಾಡಿದ ವೈನಿನಲ್ಲಿ ಬಾಳೆಹಣ್ಣಿನ ವಾಸನೆ ಬರುವುದುಂಟು. ನಮ್ಮ ರೈತರು ಲೋಟ ಮೂಸಿ, ಒಂದು ಕ್ಷಣವೂ ತಡಮಾಡದೆ "ಏಲಕ್ಕಿ ಬಾಳೆ" ಎಂದರು. ಬಾಟಲಿಯ ವಿವರಣೆಯಲ್ಲಿಯೂ ಬಾಳೆಯೆಂದೇ ಇತ್ತು.

ರೋನ್ ಕಣಿವೆಯ ಉತ್ತರ ಭಾಗದಲ್ಲಿ ಕಡಿದಾದ ಕಲ್ಲು ಇಳಿಜಾರಿನ ಮೇಲೆ ಸಿರಾ, ಅಂದರೆ ನಾವು ಶಿರಾಜ್ ಎನ್ನುವ ಅದೇ ತಳಿ. ದಕ್ಷಿಣದ ಬಿಸಿಲಿನಲ್ಲಿ ಗ್ರೆನಾಶ್. ಶಿರಾಜಿನ ಗುರುತು ಕರಿಮೆಣಸಿನ ಘಾಟು. ಅದಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ನಿಜವಾದ ಕರಿಮೆಣಸಿನಲ್ಲಿರುವುದೂ ಇದೇ.

ಇನ್ನು ಬೆಂಗಳೂರು ಬ್ಲೂ. ಆರನೆಯ ಲೋಟ ಬಂದಾಗ ಯಾರೂ ಊಹಿಸಬೇಕಾಗಲಿಲ್ಲ. ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಬೆರೆತ ಈ ತಳಿಯಲ್ಲಿ ಮೀಥೈಲ್ ಆಂತ್ರನಿಲೇಟ್ ಮುಂತಾದ ವಸ್ತುಗಳಿಂದಾಗಿ ಒಂದು ಕಸ್ತೂರಿಯಂಥ ಗಾಢ ವಾಸನೆ ಇರುತ್ತದೆ. ಜ್ಯೂಸಿಗೆ, ಸಿಹಿ ಪೋರ್ಟ್ ಮಾದರಿಯ ವೈನಿಗೆ ಇದು ಒಪ್ಪುತ್ತದೆ. ವರ್ಷಕ್ಕೆ ಎರಡು ಫಸಲು ಕೊಡುವ ಗಟ್ಟಿ ಬಳ್ಳಿ. ಒಣ ಕೆಂಪು ವೈನಿಗೆ ಮಾತ್ರ ಯೂರೋಪಿನವರು ಈ ವಾಸನೆಯನ್ನು ಸಹಿಸುವುದಿಲ್ಲ. ಇದರ ಹತ್ತಿರದ ಬಂಧುವಾದ ಇಸಾಬೆಲ್ಲಾ ತಳಿಯನ್ನು ಫ್ರಾನ್ಸು 1930ರ ದಶಕದಲ್ಲಿ ನಿಷೇಧಿಸಿತು. ನಮ್ಮ ನರ್ಸ್ ತಾಯಿ ಇದನ್ನು ಒಪ್ಪುವುದಿಲ್ಲ. "ಅವರ ಮೂಗು ಅವರಿಗೆ, ನಮ್ಮ ಮೂಗು ನಮಗೆ" ಎನ್ನುತ್ತಾರೆ. ಅದರಲ್ಲಿ ನ್ಯಾಯವಿದೆಯೆಂದು ನನಗೂ ತೋರುತ್ತದೆ. ಫ್ರೆಂಚ್ ಪುಸ್ತಕಗಳು ಬ್ಲ್ಯಾಕ್‌ಕರಂಟ್ ಎಂದು ಬರೆದರೆ, ಆ ಹಣ್ಣನ್ನು ಕಂಡೇ ಇರದ ನಾವು ಏನು ಮಾಡಬೇಕು? ರೇಷ್ಮೆ ಸೀಮೆಯಲ್ಲಿ ಹುಟ್ಟಿದವರಿಗೆ ಹಿಪ್ಪುನೇರಳೆಯ ಹಣ್ಣು ಗೊತ್ತು, ಕವಳೆಹಣ್ಣು ಗೊತ್ತು. ಆ ಮಾತುಗಳಲ್ಲೇ ಟಿಪ್ಪಣಿ ಬರೆಯಿರಿ ಎಂದು ನಾನು ಹೇಳುತ್ತೇನೆ.

ನಾಲಿಗೆ ಮೋಸ ಹೋಗುವ ಬಗೆ

ಬಾಟಲಿಗೆ ಕಾಗದ ಏಕೆ ಸುತ್ತಬೇಕು? ಹೆಸರು ಕಂಡರೆ ನಾಲಿಗೆ ಹೆಸರಿನ ಕಡೆಗೆ ವಾಲುತ್ತದೆ. 1976ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಇಂಥ ಮುಚ್ಚಿಟ್ಟ ಪರೀಕ್ಷೆ ನಡೆಸಿದಾಗ, ಫ್ರೆಂಚ್ ತೀರ್ಪುಗಾರರೇ ಕ್ಯಾಲಿಫೋರ್ನಿಯದ ವೈನನ್ನು ಹೆಸರಾಂತ ಬೋರ್ದೋಗಳಿಗಿಂತ ಮೇಲೆ ಇಟ್ಟರು. 2001ರಲ್ಲಿ ಪ್ರಕಟವಾದ ಬೋರ್ದೋದ ಇನ್ನೊಂದು ಪ್ರಯೋಗದಲ್ಲಿ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ವೈನ್ ಶಾಸ್ತ್ರ ಓದುವ 54 ವಿದ್ಯಾರ್ಥಿಗಳು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ನಂಬಿತು.

ನಮ್ಮ ಬೇಸಾಯ ಶಾಸ್ತ್ರಕ್ಕೂ ರುಚಿ ಪರೀಕ್ಷೆಗೂ ಒಂದು ಹಳೆಯ ನಂಟಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಬ್ಬ ಮಹಿಳಾ ವಿಜ್ಞಾನಿ, ಬಟ್ಟಲಿಗೆ ಮೊದಲು ಹಾಲು ಹಾಕಿದ್ದಾರೆಯೇ ಚಹಾ ಹಾಕಿದ್ದಾರೆಯೇ ಎಂದು ರುಚಿಯಿಂದಲೇ ಹೇಳಬಲ್ಲೆ ಎಂದರಂತೆ. ಅದನ್ನು ಹೇಗೆ ಪರೀಕ್ಷಿಸಬೇಕೆಂದು ಆರ್. ಎ. ಫಿಷರ್ ಯೋಚಿಸಿ, 1935ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಎಂಟು ಬಟ್ಟಲು, ನಾಲ್ಕು ಆ ಬಗೆ, ನಾಲ್ಕು ಈ ಬಗೆ. ಬರೀ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ ಒಂದು. ನಾವು ಗೊಬ್ಬರದ ಪ್ರಯೋಗದಲ್ಲಿ ತಾಕುಗಳನ್ನು ಚೀಟಿ ಎತ್ತಿ ಹಂಚುವ ಕ್ರಮವನ್ನು ರೂಪಿಸಿದವರೂ ಇವರೇ.

ಆ ಸಂಜೆ ನಾವು ಮೂರು ಲೋಟದ ಪರೀಕ್ಷೆಯನ್ನೂ ಮಾಡಿದೆವು. ಎರಡರಲ್ಲಿ ರೋನ್, ಒಂದರಲ್ಲಿ ನಂದಿಯ ಶಿರಾಜ್, ಅಥವಾ ಅದಲುಬದಲು. ಬೇರೆಯಾದದ್ದನ್ನು ಗುರುತಿಸಬೇಕು. ಆರು ಮಂದಿಯಲ್ಲಿ ನಾಲ್ವರು ಸರಿಯಾಗಿ ಹೇಳಿದರು. ಇದನ್ನು ಕೇಳಿ ಗೆದ್ದೆವೆಂದು ಕುಣಿಯಬಾರದು. ಊಹೆಯಿಂದಲೇ ಸರಿಯಾಗುವ ಸಂಭವ ಮೂರರಲ್ಲಿ ಒಂದು ಇರುವಾಗ, ಆರರಲ್ಲಿ ನಾಲ್ಕು ಅಥವಾ ಹೆಚ್ಚು ಮಂದಿ ಕೇವಲ ಅದೃಷ್ಟದಿಂದ ಸರಿ ಹೇಳುವುದು ನೂರಕ್ಕೆ ಸುಮಾರು 10 ಸಲ ಆಗಿಯೇ ಆಗುತ್ತದೆ. ಐವರು ಹೇಳಿದ್ದರೆ ಆ ಸಂಭವ ನೂರಕ್ಕೆ ಎರಡಕ್ಕೂ ಕಡಿಮೆ, ಆಗ ನಂಬಬಹುದಿತ್ತು. ತಪ್ಪು ಹೇಳಿದ ಇಬ್ಬರಲ್ಲಿ ನಾನೂ ಒಬ್ಬ. ಸರಿ ಹೇಳಿದವರಲ್ಲಿ, ಬರೀ ಮೂಸಿ ನೋಡಿದ ನಮ್ಮ ರೈತರು ಒಬ್ಬರು.

ನಂದಿ ತಪ್ಪಲಿನ ವೈನು ರೋನ್ ವೈನಿಗೆ ಇಷ್ಟು ಹತ್ತಿರ ಬಂದದ್ದು ಆಕಸ್ಮಿಕವಲ್ಲ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಅವರು ವೈನ್ ತೋಟ ಸ್ಥಾಪಿಸಿದಾಗ ಫ್ರೆಂಚ್ ತಳಿಗಳನ್ನೇ ತಂದರು. ಮುಂದೆ ಬೋರ್ದೋದ ಮಿಶೆಲ್ ರೊಲಾನ್ ಅವರಿಂದ ಸಲಹೆಯನ್ನೂ ಪಡೆದರು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು, ದ್ರಾಕ್ಷಾರಸ ಮಂಡಳಿಯನ್ನೂ ರಚಿಸಿತು. ಮಾರಾಟಕ್ಕೆಂದು ವೈನು ತಯಾರಿಸಲು ಅಬಕಾರಿ ಪರವಾನಗಿ ಬೇಕೇ ಬೇಕು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಒಂಬತ್ತು ಟನ್ನಿನ ಲೆಕ್ಕ

ಬೋರ್ದೋ ಲೋಟವನ್ನು ಮೂಸಿದ ರೈತರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಸಾರ್, ಇದರಲ್ಲಿ ದೊಣ್ಣೆ ಮೆಣಸಿನಕಾಯಿ ಅದೆ. ಪಾಲಿಹೌಸಿನಾಗೆ ಕಾಯಿ ಮುರಿದ್ರೆ ಬರೋ ವಾಸನೆ."

ಅವರ ಚೀಟಿಯ ಮೇಲಿದ್ದ "ಹಸಿರು ವಾಸನೆ" ಇದೇ ಬಗೆಯದು. ಮೆಥಾಕ್ಸಿಪೈರಜೀನ್ ಎಂಬ ವಸ್ತು ದೊಣ್ಣೆ ಮೆಣಸಿನಕಾಯಿಯಲ್ಲಿಯೂ ಕ್ಯಾಬರ್ನೆ ದ್ರಾಕ್ಷಿಯಲ್ಲಿಯೂ ಇದೆ. ಅತಿ ಅಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುತ್ತದೆ. ಹಣ್ಣು ಮಾಗುತ್ತಾ, ಬಿಸಿಲು ಬೀಳುತ್ತಾ ಕಡಿಮೆಯಾಗುತ್ತದೆ. ಶಿರಾಜಿನಲ್ಲಿ ಈ ವಸ್ತುವಿನ ಪಾಲು ನಗಣ್ಯ, ಆದರೆ ಬಲಿಯದ ಕಾಯಿ ಮತ್ತು ಹಸಿ ತೊಟ್ಟಿನಿಂದ ಅದರಲ್ಲೂ ಸೊಪ್ಪಿನಂಥ ವಾಸನೆ ಬರುತ್ತದೆ. ಎಲೆಯ ದಟ್ಟ ನೆರಳಿನಲ್ಲಿ ಗೊಂಚಲು ಅಡಗಿದ್ದರೆ, ಸಾರಜನಕ ಹೆಚ್ಚಾಗಿ ಬಳ್ಳಿ ಮತ್ತೆ ಮತ್ತೆ ಚಿಗುರುತ್ತಿದ್ದರೆ, ಎಲೆಗಳಿಗೆ ಮೀರಿದ ಕಾಯಿ ಹೊತ್ತಿದ್ದರೆ ಹೀಗಾಗುತ್ತದೆ.

"ಎಕರೆಗೆ ಎಷ್ಟು ಬಂತು?" ಎಂದು ಕೇಳಿದೆ.

"ಒಂಬತ್ತು ಟನ್ನು ಸಾರ್," ಎಂದರು, ಹೆಮ್ಮೆಯಿಂದಲೇ.

ಹೆಮ್ಮೆ ಸಹಜ. ಬೆಂಗಳೂರು ಬ್ಲೂ ಬೆಳೆದವರಿಗೆ ಎಕರೆಗೆ 10 ಟನ್ನಿಗೂ ಮೇಲೆ ಕೊಯ್ದು ರೂಢಿ. ಆದರೆ ಫ್ರಾನ್ಸಿನ ಹೆಸರಾಂತ ಊರುಗಳಲ್ಲಿ ಕೆಂಪು ವೈನಿಗೆ ಇರುವ ಮಿತಿ ಹೆಕ್ಟೇರಿಗೆ ಹೆಚ್ಚುಕಡಿಮೆ 35ರಿಂದ 60 ಹೆಕ್ಟೋಲೀಟರ್. 50 ಹೆಕ್ಟೋಲೀಟರ್ ಎಂದರೆ 5,000 ಲೀಟರ್. ಅದಕ್ಕೆ ಬೇಕಾದ ಹಣ್ಣು ಸುಮಾರು ಆರೂವರೆ ಟನ್. ಎಕರೆಗೆ ಲೆಕ್ಕ ಹಾಕಿದರೆ ಎರಡೂವರೆ ಟನ್ನಿನಷ್ಟು. ಇದು ಹಳೆಯ ಜಗಳ. 1395ರಲ್ಲಿಯೇ ಬರ್ಗಂಡಿಯ ದೊರೆ ಫಿಲಿಪ್, ಹೇರಳವಾಗಿ ಕಾಯಿ ಬಿಡುವ ಗಾಮೇ ಬಳ್ಳಿಯನ್ನು ತನ್ನ ಸೀಮೆಯಿಂದ ಕಿತ್ತುಹಾಕಬೇಕೆಂದು ಆಜ್ಞೆ ಮಾಡಿದ್ದ. ಬೆಳೆಗಾರರು ಆಗಲೂ ಗೊಣಗಿರಬೇಕು.

ನಮ್ಮ ರೈತರು ಎರಡೂವರೆ ಟನ್ನಿಗೆ ಇಳಿಯಬೇಕೆಂದು ನಾನು ಹೇಳಲಾರೆ. ಆ ಇಳುವರಿಗೆ ತಕ್ಕ ಬೆಲೆಯನ್ನು ಇಲ್ಲಿ ಯಾರೂ ಕೊಡುವುದಿಲ್ಲ, ಕೊಳವೆ ಬಾವಿಯ ಸಾಲ ಕಾಯುವುದಿಲ್ಲ. ಆದರೆ 9 ಟನ್ನಿನಿಂದ 5ರಿಂದ 6 ಟನ್ನಿಗೆ ಇಳಿದರೆ ಸಕ್ಕರೆ ಅಂಶ ಏರುವ ಸಂಭವ ಬಹಳವಿದೆ. ಹುದುಗಿದಾಗ ಒಂದು ಲೀಟರಿನಲ್ಲಿನ ಸುಮಾರು 17 ಗ್ರಾಂ ಸಕ್ಕರೆಗೆ ಒಂದು ಪ್ರತಿಶತ ಮದ್ಯಸಾರ ಬರುತ್ತದೆ. 20 ಬ್ರಿಕ್ಸಿನ ಹಣ್ಣು 11ರಿಂದ 12 ಪ್ರತಿಶತಕ್ಕೆ ನಿಂತರೆ, 23ರದ್ದು 13ರ ಸುತ್ತ ಬರುತ್ತದೆ. "ತೆಳು" ಎಂಬ ಮಾತಿನಲ್ಲಿ ಇದೂ ಸೇರಿದೆ. ಎರಡನೆಯ ದರ್ಜೆಯ 9 ಟನ್ನಿನ ಹಣ ಹೆಚ್ಚೋ, ಮೊದಲ ದರ್ಜೆಯ 6 ಟನ್ನಿನದು ಹೆಚ್ಚೋ ಎಂಬುದನ್ನು ಅವರವರ ಕರಾರು ನೋಡಿಯೇ ಹೇಳಬೇಕು. ನಾವಿಬ್ಬರೂ ಕಾಗದದ ಮೇಲೆ ಲೆಕ್ಕ ಹಾಕಿದಾಗ ಅವರ ಕರಾರಿನಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮವಾಯಿತು. ಇದನ್ನು ಮರೆಮಾಚುವುದು ಸರಿಯಲ್ಲ. ಗೊಂಚಲು ಕಡಿಮೆಯಾದರೆ ಕೊಯ್ಲಿನ ಕೂಲಿ, ಸಾಗಣೆ ಉಳಿಯುತ್ತದೆ. ಎಲೆ ತೆರವಾದರೆ ಗಾಳಿಯಾಡಿ ಬೂದಿ ರೋಗಕ್ಕೆ ಸಿಂಪಡಿಸುವ ಔಷಧಿಯೂ ಸ್ವಲ್ಪ ಉಳಿಯಬಹುದು. ಲಾಭವೇನಿದ್ದರೂ ಅಲ್ಲಿ.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಫ್ರಾನ್ಸಿನ ತಂಪು ವರ್ಷಗಳಲ್ಲಿ ಸಕ್ಕರೆ ಸಾಲದೆ ಹೋಗುತ್ತದೆ, ನಮ್ಮಲ್ಲಿ ಹುಳಿ ಸಾಲದೆ ಹೋಗುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ಹಣ್ಣಿನ ಮ್ಯಾಲಿಕ್ ಆಮ್ಲ ಉಸಿರಾಟದಲ್ಲಿ ಖರ್ಚಾಗುತ್ತದೆ. ಆದ್ದರಿಂದ ಸಕ್ಕರೆ ಏರಲೆಂದು ಏಪ್ರಿಲಿನ ಬಿಸಿಲಿನವರೆಗೆ ಕಾಯುವುದು ಉಪಾಯವಲ್ಲ. ಅಕ್ಟೋಬರಿನ ಫಲ ಸವರುವಿಕೆಯ ಮೇಲೆಯೇ ಹೊರೆಯನ್ನು ಹದ ಮಾಡಿ, ಫೆಬ್ರವರಿ ಮಾರ್ಚಿಯೊಳಗೆ ಹಣ್ಣು ಇಳಿಸುವುದು ಉತ್ತಮ.

ಹಣ್ಣನ್ನೇ ಅಗಿದು ನೋಡುವುದು

ವೈನು ಮುಟ್ಟದವರೂ ತಮ್ಮ ತೋಟದಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಫ್ರಾನ್ಸಿನ ತಜ್ಞರು ಹಣ್ಣನ್ನು ಅಗಿದು ರುಚಿ ನೋಡಿ ಕೊಯ್ಲಿನ ದಿನ ಗೊತ್ತುಮಾಡುವ ಕ್ರಮವನ್ನು ವ್ಯವಸ್ಥಿತವಾಗಿ ಬೆಳೆಸಿದ್ದಾರೆ. ಕೊಯ್ಲಿಗೆ ಮೂರು ವಾರ ಇರುವಾಗ ಆರಂಭಿಸಿ. ಸಾಲಿನ ತುದಿಯ ಗಿಡಗಳನ್ನು ಬಿಟ್ಟು, ತೋಟದ ಬೇರೆ ಬೇರೆ ಕಡೆಯಿಂದ, ಬಿಸಿಲಿನ ಮಗ್ಗುಲು ನೆರಳಿನ ಮಗ್ಗುಲು ಎರಡರಿಂದಲೂ, ಗೊಂಚಲಿನ ಮೇಲೆ ನಡು ಕೆಳಗಿನಿಂದ ನೂರು ಹಣ್ಣು ಆರಿಸಿ. ಚೆನ್ನಾಗಿ ಕಾಣುವುದನ್ನೇ ಆರಿಸುವುದು ನಮ್ಮ ಕೈಯ ಸ್ವಭಾವ. ಕಣ್ಣು ಬೇರೆಡೆ ಇಟ್ಟು ಕಿತ್ತರೆ ಒಳ್ಳೆಯದು. ಬಹುಪಾಲನ್ನು ಹಿಂಡಿ ರಿಫ್ರಾಕ್ಟೋಮೀಟರಿನಲ್ಲಿ ಬ್ರಿಕ್ಸ್ ನೋಡಿ. ಉಳಿದದ್ದನ್ನು ಒಂದೊಂದಾಗಿ ಬಾಯಿಗೆ ಹಾಕಿ, ಮೊದಲು ತಿರುಳು, ಆಮೇಲೆ ಸಿಪ್ಪೆಯನ್ನು ಮಾತ್ರ ಹತ್ತು ಹನ್ನೆರಡು ಸಲ ಅಗಿಯಿರಿ. ಸೊಪ್ಪಿನ ವಾಸನೆಯೋ, ಹಣ್ಣಿನದೋ? ಒಗರು ನಾಲಿಗೆಯನ್ನು ಒರಟಾಗಿ ಹಿಡಿಯುತ್ತದೆಯೋ, ನಯವಾಗಿದೆಯೋ? ಕೊನೆಗೆ ಬೀಜ ಉಗಿದು ಅಂಗೈಯಲ್ಲಿ ನೋಡಿ. ಹಸಿರಾಗಿದ್ದರೆ ಇನ್ನೂ ಕಾಲವಾಗಿಲ್ಲ. ಹುರಿದ ಕಾಫಿ ಬೀಜದಂತೆ ಕಂದಾಗಿ, ಕಚ್ಚಿದರೆ ಕಟುಂ ಎಂದು ಒಡೆದರೆ ಬಲಿತಿದೆಯೆಂದು ತಿಳಿಯಬಹುದು. ನಾಲ್ಕು ದಿನಕ್ಕೊಮ್ಮೆ ಪುಸ್ತಕದಲ್ಲಿ ಬರೆದಿಡಿ. ಕಾರ್ಖಾನೆಯವರೊಡನೆ ಕೊಯ್ಲಿನ ದಿನದ ಬಗ್ಗೆ ಮಾತನಾಡುವಾಗ ಆ ಪುಸ್ತಕ ಕೈಯಲ್ಲಿರಲಿ.

ಬಂಗಾರಪೇಟೆಯ ಆ ರೈತರು ಈ ಅಕ್ಟೋಬರಿನಲ್ಲಿ ತಮ್ಮ ತೋಟವನ್ನು ಮೂರು ಪಾಲು ಮಾಡಲಿದ್ದಾರೆ. ಒಂದು ಪಾಲಿನಲ್ಲಿ ಹಳೆಯಂತೆಯೇ ಗೊಂಚಲು, ಒಂದರಲ್ಲಿ ಮೂರನೆಯ ಒಂದು ಭಾಗ ಕಡಿಮೆ, ಇನ್ನೊಂದರಲ್ಲಿ ಅರ್ಧ. ಯಾವ ಸಾಲಿಗೆ ಯಾವುದೆಂದು ಚೀಟಿ ಎತ್ತಿ ನಿರ್ಧರಿಸಿದ್ದೇವೆ, ಕಂಬಗಳಿಗೆ ಬಣ್ಣದ ಬಟ್ಟೆಯನ್ನೂ ಕಟ್ಟಿಯಾಗಿದೆ. ಮಾರ್ಚಿಯಲ್ಲಿ ಮೂರೂ ಪಾಲಿನ ಹಣ್ಣುಗಳನ್ನು ಬೇರೆ ಬೇರೆ ಬುಟ್ಟಿಗಳಲ್ಲಿ, ಅಂಕೆ ಮಾತ್ರ ಬರೆದು, ಊರಿಗಾಮಿನ ಮೇಜಿಗೆ ತರುವುದಾಗಿ ಹೇಳಿದ್ದಾರೆ.